ಕಾಜಕ್ಕನ ಊಹೂಂ

ಮಗಳ ಗಂಡನ ಮನೆಯಲ್ಲಿ ಮೊದಲ ಸಲ ಉಳಿಯಲು ಹೋದ ದಿನ ಅತ್ತೆಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮಗಳು ಒಂದು ನೆಗ್ಗಿದ ತಟ್ಟೆಗೆ ಊಟ ಬಡಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, "ತಡಿಯಮ್ಮಾ, ಅದಕ್ಕೆ ಊಟ ಇಟ್ಟು ಬರ್ತೀನಿ" ಎಂದಳು.

"ಯಾವುದಕ್ಕೆ? ನಾಯಿ ಗೀಯಿ ಸಾಕಿದ್ದೀರೇನೇ?"

ಮಗಳ ಮುಖ ಸಣ್ಣದಾಯಿತು. "ನಾಯಿಯಲ್ಲಮ್ಮಾ. ಇವರ ಅಕ್ಕ."

ಅತ್ತೆಮ್ಮನ ಕೈಯಲ್ಲಿದ್ದ ಬಟಾಣಿ ಕೈಯಲ್ಲೇ ನಿಂತಿತು. ಮದುವೆಯ ಮಾತುಕತೆಯಲ್ಲಿ ಹುಡುಗನ ಕಡೆಯವರು "ಹುಡುಗನಿಗೆ ಹಿಂದೆ ಮುಂದೆ ಯಾರೂ ಇಲ್ಲ, ನಿಮ್ಮ ಮಗಳದೇ ರಾಜ್ಯಭಾರ" ಎಂದು ಬೆಣ್ಣೆಯಂಥ ಮಾತಾಡಿದ್ದರು. ಮುಂದೆ ಇರಲಿಲ್ಲ, ನಿಜ. ಹಿಂದೆ ಇದ್ದಳು, ಹಿತ್ತಲ ಕಡೆಯ ಕೋಣೆಯಲ್ಲೇ. ಮೋಸಹೋದೆವಲ್ಲ ಎಂದು ಮೊದಲು ಸಿಟ್ಟು ಬಂತು. ಅದು ಇಳಿಯುವ ಮೊದಲೇ ಇನ್ನೊಂದು ಸಿಟ್ಟು ಏರಿತು.

"ಅಲ್ವೇ, ಗಂಡನ ಅಕ್ಕನ್ನ 'ಅದು' ಅಂತೀಯಲ್ಲ, ನಿನ್ನ ನಾಲಿಗೆಗೆ ಏನು ಬಂದಿದೆ?"

"ಎಲ್ಲರೂ ಹಾಗೇ ಅಂತಾರಮ್ಮಾ. ತಲೆ ಸರಿಯಿಲ್ಲ ಅದಕ್ಕೆ... ಅವರಿಗೆ."

"ತಲೆ ಸರಿಯಿಲ್ಲದಿದ್ರೆ ಹೆಂಗಸು ಹೋಗಿ ಸಾಮಾನಾಗ್ತಾಳಾ? ಕೊಡಿಲ್ಲಿ ತಟ್ಟೆ."

ಕೋಣೆ ಚಿಕ್ಕದಾದರೂ ಒಪ್ಪವಾಗಿತ್ತು. ಕಬ್ಬಿಣದ ಮಂಚ, ಮಡಿಸಿಟ್ಟ ಕಂದು ಕಂಬಳಿ, ಕಿಟಕಿಯ ಪಕ್ಕ ಒಂದು ಕುರ್ಚಿ. ಕುರ್ಚಿಯಲ್ಲಿ ಕೂತಿದ್ದವಳಿಗೆ ಕಿವಿಯ ಹತ್ತಿರ ಆಗಲೇ ನರೆ. ಮಡಿಲಲ್ಲಿಟ್ಟ ಎರಡೂ ಕೈ ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು, ಓಡುವ ಬಸ್ಸಿನ ಕಿಟಕಿ ಗಾಜು ನಡುಗುವ ಹಾಗೆ. ಬಾಯ ಅಂಚಿನಲ್ಲಿ ಇಳಿದ ಜೊಲ್ಲನ್ನು ತೋಳಿನಿಂದ ಒರೆಸಿಕೊಂಡು ಅವಳು ಅತ್ತೆಮ್ಮನ ಮುಖ ನೋಡಲಿಲ್ಲ, ಸ್ವೆಟರು ನೋಡಿದಳು. ಮಾತು ಒಂದೊಂದಾಗಿ, ತುಕ್ಕು ಹಿಡಿದ ಚಿಲಕ ಸರಿಸಿದಂತೆ ಬಂತು.

"ನಿಮ್ಮ... ಗುಂಡಿ... ಪಕ್ಕದ್ಮನೆಗೆ ಹೋಗಿದೆ."

ಅತ್ತೆಮ್ಮ ಬಗ್ಗಿ ನೋಡಿಕೊಂಡಳು. ಸ್ವೆಟರಿನ ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡಿದ್ದಳು. ಬೆಳಿಗ್ಗೆಯಿಂದ ಮನೆತುಂಬ ಓಡಾಡಿದ್ದರೂ ತಲೆ ಸರಿಯಿದ್ದವರು ಯಾರೂ ಅದನ್ನು ಹೇಳಿರಲಿಲ್ಲ.

ಅವಳನ್ನು ಬೀದಿಯವರು ಕಾಜಕ್ಕ ಎಂದು ಕರೆಯುತ್ತಿದ್ದರು. ಗುಂಡಿ ಹಾಕುವ ತೂತಿಗೆ ಟೈಲರ್‌ಗಳು ಕಾಜಾ ಅನ್ನುತ್ತಾರೆ. ಬಟ್ಟೆ ಯಾರು ಬೇಕಾದರೂ ಕತ್ತರಿಸಬಹುದು, ಕಾಜಾ ಕಟ್ಟಲು ಕೈ ಬೇಕು. ಸಡಿಲ ಬಿಟ್ಟರೆ ನೂಲು ಬಿಚ್ಚಿಕೊಳ್ಳುತ್ತದೆ, ಬಿಗಿ ಹಿಡಿದರೆ ಬಟ್ಟೆ ಸುರುಟಿಕೊಳ್ಳುತ್ತದೆ. ತಾಯಿ ಸತ್ತಾಗ ತಮ್ಮ ಇನ್ನೂ ನಿಕ್ಕರಿನಲ್ಲಿದ್ದ. ಅಪ್ಪ ಕೂತಲ್ಲೇ ಕೂರುವ ಮನುಷ್ಯ. ಹುಡುಗಿ ಬೀದಿಯ ಕೊನೆಯ ಟೈಲರ್ ಅಂಗಡಿಗೆ ಹೋಗಿ ನೆಲದ ಮೇಲೆ ಕೂತು ಕಾಜಾ ಕಲಿತಳು. ದಾರಕ್ಕೆ ಮೇಣ ಸವರಿ, ಬೆರಳಿಗೆ ತಗಡಿನ ಟೋಪಿ ಹಾಕಿ, ಕೋಟಿನ ಕಾಜಾದ ದುಂಡು ಕಣ್ಣನ್ನು ಅವಳು ಹೊಲಿದರೆ ಹಕ್ಕಿಯ ಕಣ್ಣಿನ ಹಾಗಿರುತ್ತಿತ್ತಂತೆ. ಬೇರೆ ಅಂಗಡಿಯವರೂ ಕೋಟುಗಳನ್ನು ಅವಳಲ್ಲಿಗೇ ಕಳಿಸುತ್ತಿದ್ದರು. ತಮ್ಮ ಓದಿದ್ದು, ಆಫೀಸು ಸೇರಿದ್ದು, ಕುತ್ತಿಗೆಗೆ ಟೈ ಕಟ್ಟಿಕೊಂಡದ್ದು ಎಲ್ಲವೂ ಆ ತೂತುಗಳ ಒಳಗಿಂದಲೇ ನುಸುಳಿ ಬಂದದ್ದು.

ಅಪ್ಪ ತೀರಿಕೊಂಡ ವರ್ಷ ಅವಳ ನಿದ್ದೆ ಹೋಯಿತು. ಕೆಲವು ದಿನ ಕಳೆದ ಮೇಲೆ ಮೇಜಿನ ಮೇಲಿನ ಕತ್ತರಿ ತನ್ನ ಹೆಸರು ಹಿಡಿದು ಕರೆಯುತ್ತಿದೆ ಎಂದಳು. ಗುಂಡಿಯೇ ಇಲ್ಲದ ದುಪ್ಪಟಿಗೆ ಕಾಜಾ ಕಟ್ಟಿದಳು, ಒಂದರ ಪಕ್ಕ ಒಂದು, ತುದಿಯಿಂದ ತುದಿಯವರೆಗೆ. ಒಂದು ಮಧ್ಯಾಹ್ನ ಕತ್ತರಿಯನ್ನು ಹಿಡಿದುಕೊಂಡು, ಅದನ್ನು ದೂರ ಎಸೆದು ಬರುತ್ತೇನೆಂದು ಬರಿಗಾಲಲ್ಲಿ ವಾಹನಗಳ ನಡುವೆ ಓಡಿದಳು. ತಮ್ಮ ಹಿಂದೆ ಓಡಿದ. ಹಿಡಿಯಲು ಹೋದವನ ಮುಂಗೈ ಹರಿಯಿತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮಾತ್ರೆ ಕೊಟ್ಟರು, ಗುಣವಾಯಿತು. ಮನೆಗೆ ಬಂದು ಮತ್ತೆ ಸೂಜಿ ಹಿಡಿದಳು. ಮತ್ತೊಂದು ಸಲ ಹಾಗಾಯಿತು, ಮತ್ತೆ ಸರಿಹೋಯಿತು. ಆದರೆ ತಮ್ಮನಿಗೆ ಮದುವೆ ಗೊತ್ತಾಗುವ ಹೊತ್ತಿಗೆ ದಿನಾ ಮಾತ್ರೆ ಎಣಿಸಿ ಕೊಡುವ ತಾಳ್ಮೆ ಮುಗಿದಿತ್ತು. ತಿಂಗಳಿಗೊಮ್ಮೆ ಸೊಂಟಕ್ಕೆ ಕೊಡುವ ಇಂಜೆಕ್ಷನ್ ಇದೆ, ತಲೆನೋವೇ ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ಯಾರ ತಲೆಯ ನೋವು ಎಂದು ಯಾರೂ ಕೇಳಲಿಲ್ಲ. ಅವಳು ಶಾಂತಳಾದಳು. ಎಷ್ಟು ಶಾಂತಳೆಂದರೆ ಸೂಜಿಗೆ ದಾರ ಪೋಣಿಸಲಾರದಷ್ಟು.

ಇದೆಲ್ಲ ಅತ್ತೆಮ್ಮನಿಗೆ ತಿಳಿದದ್ದು ಗಂಡ ತೀರಿಕೊಂಡು, ತಾನೂ ಮಗಳ ಮನೆ ಸೇರಿದ ಮೇಲೆ. ಮಲಗಲು ಜಾಗವೆಲ್ಲಿ ಎಂದು ಅಳಿಯ ತಲೆ ಕೆರೆದುಕೊಂಡಾಗ, "ಅಕ್ಕನ ಕೋಣೇಲಿ ಇನ್ನೊಂದು ಮಂಚ ಹಿಡಿಸುತ್ತೆ" ಎಂದವಳು ಅವಳೇ.

"ಅಲ್ಲಿ ಬೇಡ ಅತ್ತೆ, ನಿಮಗೆ ಭಯ ಆಗತ್ತೆ."

"ನಿಮ್ಮ ಮಾವನ ಗೊರಕೆ ಪಕ್ಕ ಇಡೀ ಜನ್ಮ ಮಲಗಿದ್ದೀನಿ. ನನಗೇನು ಭಯ?"

ಕಾಜಕ್ಕನ ಮಾತು ನಿಧಾನ, ಅಷ್ಟೇ. ಕಾದರೆ ಪೂರ್ತಿ ಬರುತ್ತಿತ್ತು. ಕಾಯುವವರು ಇರಲಿಲ್ಲ. ಮನೆಯಲ್ಲಿ ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಒಗೆದ ಬಟ್ಟೆ. ಆದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ಪ್ರಶ್ನೆಗೆ ಬೇರೆಯವರೇ ಉತ್ತರ ಹೇಳಿ ಎದ್ದುಹೋಗಿರುತ್ತಿದ್ದರು. ಚಳಿಯಾ, ಚಳಿಯಿಲ್ಲ. ಹಸಿವಾ, ಈಗಷ್ಟೇ ತಿಂದಿದ್ದಾಳೆ.

ಅಳಿಯನಿಗೆ ಆಫೀಸಿನ ಕೆಲಸ ಬಿದ್ದ ಒಂದು ತಿಂಗಳು ಅತ್ತೆಮ್ಮನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊರಡುವ ಮೊದಲು ಕಾಜಕ್ಕ, "ಇವತ್ತು... ಕೈ ವಿಷಯ... ಹೇಳ್ತೀನಿ" ಎಂದಳು. ಬಣ್ಣ ಹೋದ ಉದ್ದ ಬೆಂಚು, ಫಿನಾಯಿಲು ವಾಸನೆ, ಬಾಗಿಲಲ್ಲಿ ಹೆಸರು ಕೂಗುವ ಆಯಾ. ಒಳಗೆ ಡಾಕ್ಟರು ಕಾಗದದಿಂದ ತಲೆಯೆತ್ತದೆ ಅತ್ತೆಮ್ಮನನ್ನು ಕೇಳಿದರು:

"ನಿದ್ದೆ ಮಾಡ್ತಾರಾ?"

"ನಾನಾ? ಚೆನ್ನಾಗಿ ಮಾಡ್ತೀನಿ."

"ನೀವಲ್ಲಮ್ಮ, ಪೇಶೆಂಟು."

"ಪೇಶೆಂಟು ಇಲ್ಲೇ ಕೂತಿದ್ದಾಳಲ್ಲ ಸ್ವಾಮಿ. ಅವಳನ್ನೇ ಕೇಳಿ."

ಡಾಕ್ಟರು ಕಾಜಕ್ಕನ ಕಡೆ ತಿರುಗಿ ದನಿ ಎತ್ತರಿಸಿದರು, ಅವಳು ಕಿವುಡಿಯೋ ಎಂಬಂತೆ. "ಹೇಗಿದ್ದೀರಮ್ಮಾ? ಚೆನ್ನಾಗಿದ್ದೀರಾ? ಇಂಜೆಕ್ಷನ್ ಮುಂದುವರಿಸೋಣ. ಸ್ವಲ್ಪ ಜಾಸ್ತಿ ಮಾಡಿದ್ರೆ ಇನ್ನೂ ಒಳ್ಳೇದು. ಆಗಬಹುದಾ?"

ಕಾಜಕ್ಕನ ದವಡೆ ಅಲ್ಲಾಡಿತು. ಗಂಟಲಿನಿಂದ ಏನೋ ಹೊರಟು ದಾರಿಯಲ್ಲಿ ಸಿಕ್ಕಿಕೊಂಡು, ಕೊನೆಗೆ ಮೂಗಿನಿಂದ "...ಹೂಂ" ಎಂದು ಬಿತ್ತು.

"ಸರಿ, ಒಪ್ಪಿದ್ರು. ನರ್ಸಮ್ಮಾ!"

"ರೀ, ತಡೀರಿ. ಅವಳು ಊಹೂಂ ಅಂದಳು."

"ನನಗೆ ಹೂಂ ಅಂತಲೇ ಕೇಳಿಸ್ತು."

"ಮುಂದಿನದು ಕೇಳಿಸ್ತು ನಿಮಗೆ, ಹಿಂದಿನದು ಕೇಳಿಸಲಿಲ್ಲ. ನಿಮ್ಮ ಔಷಧೀನೇ ಅವಳ ದವಡೆ ಕಟ್ಟಿಹಾಕಿದೆ. ಊ ಅನ್ನೋದು ಒಳಗೇ ಉಳಿದುಹೋಯ್ತು."

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ, ದಣಿದ ನಗು. "ಅಜ್ಜೀ, ಹೊರಗೆ ಇನ್ನೂ ಬಹಳ ಜನ ಇದ್ದಾರೆ." ನರ್ಸಮ್ಮ ಪರದೆ ಎಳೆದಳು. ಪರದೆಯ ಹಿಂದಿನಿಂದ ಮತ್ತೊಂದು ಸಲ ಅದೇ ಸದ್ದು ಬಂತು. ಅದೂ ಹೂಂ ಎಂದೇ ಲೆಕ್ಕಕ್ಕೆ ಸೇರಿತು.

ಹಿಂದಿರುಗುವಾಗ ಅತ್ತೆಮ್ಮನಿಗೆ ತಡೆಯಲಾಗಲಿಲ್ಲ. "ಹಾಳಾದವಳೇ, ಊಹೂಂ ಯಾಕಂದೆ? ಬೇಡ ಅನ್ನಬಾರದಿತ್ತಾ? ಬೇಡ ಅಂದ್ರೆ ಬೇಡ, ಯಾವ ಕಿವುಡನಿಗಾದ್ರೂ ಕೇಳಿಸುತ್ತೆ."

ಕಾಜಕ್ಕ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಉತ್ತರ ಹೊರಡಲು ಬಹಳ ಹೊತ್ತು ಹಿಡಿಯಿತು. ವಾರ್ಡಿನಲ್ಲಿದ್ದಾಗ ಅವಳು ಬೇಡ ಎಂದಿದ್ದಳು. ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ. ಇಬ್ಬರು ಬಂದು ಕೈ ಹಿಡಿದರು, ಇನ್ನಿಬ್ಬರು ಕಾಲು ಹಿಡಿದರು. ರೋಗ ಉಲ್ಬಣಿಸಿದೆ ಎಂದು ಮಾತಾಡಿಕೊಂಡು ಇನ್ನೊಂದು ಸೂಜಿ ಚುಚ್ಚಿದರು.

"ಬೇಡ ಅಂದ್ರೆ... ಹುಚ್ಚು ಜಾಸ್ತಿ ಆಗಿದೆ ಅಂತಾರೆ. ಹೂಂ ಅಂದ್ರೆ... ಒಪ್ಪಿದಳು ಅಂತಾರೆ. ನಾನು... ಏನನ್ನಲಿ ಅತ್ತೆಮ್ಮ?"

ಬೀದಿಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು. ಬಾಯಿಬಡುಕಿ ಎಂದು ಹೆಸರು ಪಡೆದಿದ್ದ ಅತ್ತೆಮ್ಮ ಅದೇ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು.

ಸಂಜೆ ಅಳಿಯ ಬಂದು ಬೂಟು ಬಿಚ್ಚುವಷ್ಟರಲ್ಲೇ ಅವಳು ಹಿಡಿದುಕೊಂಡಳು. "ಅಳಿಯಂದ್ರೇ, ನಿಮ್ಮಕ್ಕನಿಗೆ ಆ ಇಂಜೆಕ್ಷನ್ ಬೇಡವಂತೆ. ಅವಳನ್ನ ಒಂದು ಮಾತು ಕೇಳಿದ್ದೀರಾ?"

ಅಳಿಯ ಹೆಂಡತಿಯ ಕಡೆ ಕಣ್ಣು ಹೊಡೆದು, "ಕುರಿ ಕೇಳಿ ಮಸಾಲೆ ಅರೀತಾರಾ ಅತ್ತೆ?" ಎಂದ.

"ಹಾಗಾದ್ರೆ ಅವಳು ಕುರಿ, ನೀವು ಕಟುಕರು ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು."

"ಅಮ್ಮಾ!" ಎಂದಳು ಮಗಳು.

ಅಳಿಯನ ನಗು ಆರಿತು. ಅಂಗಿಯ ತೋಳು ಸರಿಸಿ ಮುಂಗೈ ತೋರಿಸಿದ. ಹೊಲಿಗೆ ಬಿದ್ದ ಕಲೆ ಬಿಳಿಯಾಗಿ ಓಡಿತ್ತು. "ನೀವು ಆ ದಿನ ನೋಡಿಲ್ಲ. ನಾನು ನೋಡಿದ್ದೀನಿ. ಲಾರಿ ಅವಳ ಸೆರಗಿಗೆ ತಾಗಿ ಹೋಯ್ತು. ನನಗೆ ಅಕ್ಕ ಜೀವಂತ ಇದ್ರೆ ಸಾಕು. ಕಾಜಾ ಯಾರಿಗೆ ಬೇಕು?"

"ಅವಳಿಗೆ ಬೇಕು! ಬದುಕೋದು ಅವಳು ತಾನೇ, ನೀವಲ್ವಲ್ಲ!"

ಅಂದು ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮುಂದಿನ ಸರದಿಗೆ ಮೂವರೂ ಹೋದರು. ಅತ್ತೆಮ್ಮ ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋಗಿದ್ದಳು. ಒಳಗೆ ಕಾಲಿಟ್ಟದ್ದೇ ತಡ, ಅಣೆಕಟ್ಟು ಒಡೆಯಿತು. ಕೈ ನಡುಗುತ್ತದೆ ಎಂದಳು, ಜೊಲ್ಲು ಇಳಿಯುತ್ತದೆ ಎಂದಳು, ನಿಮ್ಮ ಅಕ್ಕ ತಂಗಿಗೆ ಹೀಗೆ ಮಾಡುತ್ತೀರಾ ಎಂದಳು, ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎಂದಳು. ಡಾಕ್ಟರಿಗೂ ಕೋಪ ಬಂತು. ಅಳಿಯನಿಗೆ ನಾಚಿಕೆಯಾಗಿ, "ವಯಸ್ಸಾಗಿದೆ ಸಾರ್, ಬೇಜಾರು ಮಾಡ್ಕೋಬೇಡಿ" ಎಂದ. ಈ ಗದ್ದಲದಲ್ಲಿ ಕಾಜಕ್ಕ ಎರಡು ಸಲ ಬಾಯಿ ತೆರೆದಳು, ಎರಡು ಸಲ ಮುಚ್ಚಿದಳು. ನರ್ಸಮ್ಮ ಬಂದು ಸೂಜಿ ಚುಚ್ಚಿ ಹೋದಳು.

ಮನೆಗೆ ಬಂದ ಮೇಲೆ ಕಾಜಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತೆಮ್ಮ ಚಹಾ ತಂದಿಟ್ಟರೆ ಮುಟ್ಟಲಿಲ್ಲ.

"ನನ್ನ ಮೇಲೇಕೆ ಸಿಟ್ಟು? ನಿನಗೋಸ್ಕರ ತಾನೇ ಕೂಗಾಡಿದ್ದು?"

"ಅವರೂ... ನನಗೋಸ್ಕರವೇ... ಚುಚ್ಚೋದು" ಎಂದಳು ಕಾಜಕ್ಕ, ಗೋಡೆಗೆ.

ಆ ಮಾತು ಕೆನ್ನೆಗೆ ಬಾರಿಸಿದಂತಾಯಿತು. ತಾನಿಲ್ಲದಿದ್ದರೆ ಇವಳ ಪರ ನೊಣವೂ ಹಾರಾಡುತ್ತಿರಲಿಲ್ಲ, ಉಪಕಾರ ತಿಳಿಯದವಳು ಎಂದು ಅತ್ತೆಮ್ಮ ಕುದಿದಳು. ಎರಡು ಮಂಚಗಳ ನಡುವೆ ಮಾತು ನಿಂತಿತು.

ಆ ದಿನಗಳಲ್ಲೇ ಕಾಜಕ್ಕ ತನ್ನಷ್ಟಕ್ಕೆ ತಾನು ಗೊಣಗಲು ಶುರುಮಾಡಿದಳು. ಮನೆಯಲ್ಲಿ ಯಾರೂ ಇಲ್ಲದಾಗ, ಕಿಟಕಿಗೆ ಮುಖ ಮಾಡಿ, ಒಂದೇ ಮಾತನ್ನು ಮತ್ತೆ ಮತ್ತೆ. ಬಾಗಿಲ ಹೊರಗಿದ್ದ ಅತ್ತೆಮ್ಮನ ಕಿವಿಗೆ ಅದು ಬಿತ್ತು. ಕತ್ತರಿ ಮತ್ತೆ ಕರೆಯುತ್ತಿದೆಯೇ? ಅಳಿಯನಿಗೆ ಹೇಳಬೇಕೆಂದು ಅಡುಗೆಮನೆಯವರೆಗೆ ಹೋದವಳು, ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕಿವಿಗೊಟ್ಟಳು.

"ಔಷಧಿ ಬೇಡ ಅಂತಿಲ್ಲ. ಔಷಧಿ... ಬೇಡ ಅಂತಿಲ್ಲ. ಔಷಧಿ ಬೇಡ ಅಂತಿಲ್ಲ."

ಹುಚ್ಚಲ್ಲ. ದವಡೆಯನ್ನು ಪಳಗಿಸುತ್ತಿದ್ದಳು. ಬಿದ್ದ ಮಾತನ್ನು ಎತ್ತಿ ಮತ್ತೆ ನಿಲ್ಲಿಸುತ್ತಿದ್ದಳು. ಅತ್ತೆಮ್ಮ ಸದ್ದಿಲ್ಲದೆ ಹಿಂದೆ ಸರಿದಳು.

ಸರದಿಯ ದಿನ ಬೆಳಿಗ್ಗೆ ಅಳಿಯ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಕೋಣೆ ಖಾಲಿ. ಕಂಬಳಿ ಮಡಿಸಿತ್ತು, ಚಪ್ಪಲಿ ಇರಲಿಲ್ಲ. ಅಳಿಯನ ಮುಖ ಸುಣ್ಣದಂತೆ ಬೆಳ್ಳಗಾಯಿತು, ದೊಡ್ಡ ರಸ್ತೆಯ ಕಡೆ ಓಡಿದ. ಅತ್ತೆಮ್ಮ, "ಆ ಕಡೆ ಅಲ್ಲ, ಆಸ್ಪತ್ರೆಗೆ ನಡೀರಿ" ಎಂದಳು.

ಅಲ್ಲೇ ಇದ್ದಳು, ಉದ್ದ ಬೆಂಚಿನ ತುದಿಯಲ್ಲಿ, ನೆಟ್ಟಗೆ. ಆಯಾ ಇವರನ್ನು ನೋಡಿದ್ದೇ ಓಡಿಬಂದಳು. "ಅಯ್ಯೋ ನಿಮ್ಮ ಕಡೆಯವರಾ? ಒಬ್ಬರೇ ಬಂದಿದ್ದಾರೆ. ಜೊತೇಲಿ ಯಾರು ಅಂತ ಕೇಳಿದ್ರೆ 'ನಾನು' ಅಂತಾರೆ. ನೀವಲ್ಲಮ್ಮ, ನಿಮ್ಮ ಜೊತೆಗೆ ಯಾರು ಅಂದ್ರೆ 'ನನ್ನ ಜೊತೆ ನಾನು' ಅಂತಾರೆ. ಜೊತೆಗೆ ಯಾರೂ ಇಲ್ಲದೆ ಒಳಗೆ ಬಿಡೋ ಹಾಗಿಲ್ಲ, ಏನು ಮಾಡಲಿ?"

ಒಳಗೆ ಹೋದರು. ಅತ್ತೆಮ್ಮ ತುಟಿಗೆ ತುಟಿ ಒತ್ತಿ ಹಿಂದಿನ ಕುರ್ಚಿಯಲ್ಲಿ ಕೂತಳು. ಡಾಕ್ಟರು ರೂಢಿಯಂತೆ ಅಳಿಯನನ್ನು ನೋಡಿ, "ಏನಂತಾರೆ?" ಎಂದರು. ಅಳಿಯ ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲೆ ಧಡ್ ಎಂದು ಸದ್ದು. ಕಾಜಕ್ಕನ ನಡುಗುವ ಅಂಗೈ. ಪೆನ್ನು ಉರುಳಿ ನೆಲಕ್ಕೆ ಬಿತ್ತು.

"ಇಲ್ಲಿ... ನೋಡಿ. ಈ ಕಡೆ."

ಡಾಕ್ಟರು ನೋಡಿದರು. ಆಯಾ ಬಾಗಿಲಿನಿಂದ ಒಳಗೆ ಕಾಲಿಟ್ಟಳು.

"ಔಷಧಿ ಬೇಡ ಅಂತಿಲ್ಲ. ಈ ಇಂಜೆಕ್ಷನ್ ಬೇಡ. ಕೈ ಹೋಯ್ತು. ಕೈ ಹೋದ್ರೆ... ನಾನು ಇದ್ದೂ ಇಲ್ಲ. ಮಾತ್ರೆ ಕೊಡಿ. ನಾನೇ ತಗೋತೀನಿ. ನಿದ್ದೆ ಬಾರದ ದಿನ... ನಾನೇ ಬರ್ತೀನಿ. ನನಗೆ ಗೊತ್ತಾಗುತ್ತೆ. ನಿಮಗಿಂತ ಮೊದಲು."

"ನೀವು ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಸಿಟ್ಟಲ್ಲಿದ್ದೀರ."

"ಹೂಂ, ಸಿಟ್ಟು. ಬರ್ಕೊಳ್ಳಿ. ಸಿಟ್ಟು... ರೋಗ ಅಲ್ಲ."

ಈ ಸಲದ ಹೂಂ ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ. ಅಳಿಯ ನೆಲ ನೋಡುತ್ತಿದ್ದ. ಡಾಕ್ಟರು ಬಗ್ಗಿ ಪೆನ್ನು ಎತ್ತಿಕೊಂಡು, ಮೇಜಿನ ಮೇಲಿದ್ದ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಬೆರಳು ಹಿಡಿದು ಮಡಿಸಿದರು, ಮಣಿಕಟ್ಟು ತಿರುಗಿಸಿದರು. ಯಾವಾಗಿನಿಂದ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂದು ಕೇಳಿದರು. ಒಂದೊಂದಕ್ಕೂ ಅವಳು ಉತ್ತರ ಕೊಟ್ಟು ಮುಗಿಸುವವರೆಗೆ ಕಾದರು. ಒಂದೇ ಸಲ ನಿಲ್ಲಿಸುವುದು ಅಪಾಯ, ನಿಧಾನವಾಗಿ ಇಳಿಸಿ ಮಾತ್ರೆಗೆ ಬದಲಾಯಿಸೋಣ, ಪ್ರತಿ ಸಲ ನೀವೇ ಬಂದು ಹೇಗಿದೆ ಅಂತ ಹೇಳಬೇಕು ಎಂದರು. ಕೊನೆಗೆ, "ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮಾ?" ಎಂದರು.

ಮೊದಲೇ ಹೇಳಬಾರದಿತ್ತಾ! ಅತ್ತೆಮ್ಮನ ನೆತ್ತಿಗೆ ಬೆಂಕಿ ಏರಿತು. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು. ನುಂಗಿದ್ದು ಇವತ್ತಿಗೂ ಜೀರ್ಣವಾಗಿಲ್ಲ.

ಕೈ ಒಮ್ಮೆಗೇ ಬರಲಿಲ್ಲ. ದವಡೆ ಮೊದಲು ಸಡಿಲವಾಯಿತು, ಮಾತು ಬಂತು, ಜೊತೆಗೆ ಅವಳ ಕುಹಕವೂ ಬಂತು. "ಇಷ್ಟು ದಿನ ನಿಮ್ಮ ಅಡುಗೆಗೆ ಉಪ್ಪು ಕಮ್ಮಿ ಅಂತ ಹೇಳೋಕಾಗಿರಲಿಲ್ಲ" ಎಂದಳು ತಮ್ಮನ ಹೆಂಡತಿಗೆ. ಆಮೇಲೆ ಬೆರಳು ಸಡಿಲವಾದವು. ಕೋಟಿನ ಕಾಜಾ ಮತ್ತೆ ಸಾಧ್ಯವಾಗಲೇ ಇಲ್ಲ. ಆ ದುಂಡು ಕಣ್ಣು ಹೋದದ್ದು ಹೋಯಿತು. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ, ಬರುವುದೂ ಇಲ್ಲ. ಅಂಗಿಯ ಕಾಜಾ ಕಟ್ಟಬಲ್ಲವಳಾದಳು. ಟೈಲರ್ ಅಂಗಡಿಯವನು, "ಬಾರಕ್ಕ, ಮಿಷನ್ನಿನ ಕಾಜಾ ನೋಡಿ ನೋಡಿ ನನ್ನ ಕಣ್ಣೇ ಹೋಗಿತ್ತು" ಎಂದು ಹಳೆಯ ಜಾಗದಲ್ಲಿ ಚಾಪೆ ಹಾಸಿದ.

ಮುಂದಿನ ವರ್ಷ ಅವಳ ನಿದ್ದೆ ಮತ್ತೆ ಹೋಯಿತು. ಅವಳೇ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೋದಳು, ಕೆಲವು ವಾರ ಅಲ್ಲೇ ಇದ್ದು ಬಂದಳು. ಅಳಿಯ, "ನಾನು ಹೇಳಿರಲಿಲ್ವಾ?" ಎಂದ. "ಏನು ಹೇಳಿದ್ರಿ? ಅವಳೇ ಹೋಗ್ತಾಳೆ ಅಂತ ಹೇಳಿದ್ರಾ? ಅದನ್ನ ಹೇಳಿದ್ದು ಅವಳು" ಎಂದಳು ಅತ್ತೆಮ್ಮ. ಅಳಿಯ ಮುಂಗೈ ಸವರಿಕೊಂಡ.

ವಾಪಸು ಬಂದವಳು ಹಿತ್ತಲ ಕೋಣೆಯಲ್ಲಿ ಉಳಿಯಲು ಒಪ್ಪಲಿಲ್ಲ. ಅಂಗಡಿಯ ಹಿಂದೆ ಒಂದು ಚಿಕ್ಕ ಮನೆ ಖಾಲಿಯಿತ್ತು. ತಮ್ಮ ಬೇಡ ಎಂದ, ತಮ್ಮನ ಹೆಂಡತಿ ಜನ ಏನಂದುಕೊಳ್ಳುತ್ತಾರೆ ಎಂದಳು. ಕಾಜಕ್ಕ ಇಬ್ಬರ ಮಾತನ್ನೂ ಪೂರ್ತಿ ಕೇಳಿ, ಟ್ರಂಕು ಕಟ್ಟಿದಳು. ಅತ್ತೆಮ್ಮ ಟ್ರಂಕಿನ ಇನ್ನೊಂದು ಹಿಡಿ ಹಿಡಿದುಕೊಂಡು ಅಂಗಡಿಯವರೆಗೂ ಹೋದಳು. ಹೊಸ್ತಿಲಲ್ಲಿ ನಿಂತು, ಟೈಲರನನ್ನು ಕರೆದು ಇವಳ ಕಡೆ ಒಂದು ಕಣ್ಣಿಟ್ಟಿರಪ್ಪ ಎಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಾಜಕ್ಕ ಅವಳ ಭುಜ ಹಿಡಿದಳು.

"ಅತ್ತೆಮ್ಮ, ಒಂದು ಕೇಳ್ತೀನಿ, ನಡೆಸಿಕೊಡ್ತೀರಾ?"

"ಕೇಳೇ."

"ಮತ್ತೆ ಯಾವಾಗಲಾದ್ರೂ ನನಗೆ ಹುಷಾರು ತಪ್ಪುತ್ತೆ. ತಪ್ಪಲ್ಲ ಅಂತ ಸುಳ್ಳು ಹೇಳಬೇಡಿ. ಆಗ ಮಾತು ತಡವಾಗಬಹುದು. ನಿಮ್ಮನ್ನ ಕರೆಸ್ತಾರೆ, ಇವರಿಗೆ ಏನು ಮಾಡೋಣ ಅಂತ ಕೇಳ್ತಾರೆ. ನೀವು ನನ್ನ ಪರವಾಗಿ ಜಗಳಾಡಬೇಡಿ, ಉತ್ತರಾನೂ ಹೇಳಬೇಡಿ. 'ಅವಳು ಹೇಳ್ತಾಳೆ, ಕಾಯಿರಿ' ಅನ್ನಿ. ಎಷ್ಟು ಹೊತ್ತಾದ್ರೂ ಅಷ್ಟೇ ಅನ್ನಿ."